ಅಂದಾಜು ಬರೆದ ಕೈ
ಮುಂಬಯಿಯ ದಲಿತ ಪ್ಯಾಂಥರ್ಸ್ 1972ರಲ್ಲಿ ಹೆಸರು ಪಡೆದದ್ದು ಅಮೆರಿಕದ ಕಪ್ಪು ಹೋರಾಟಗಾರರಿಂದ. ಆ ಜನರ ಮನೆಗಳನ್ನು ಲೇಖಣಿ ಹೇಗೆ ನುಂಗಿತು ಅನ್ನೋದನ್ನೂ ನಾವು ತಿಳಿಯಬೇಕು.

ದಕ್ಷಿಣದ ಹತ್ತಿಹೊಲಗಳ ದಬ್ಬಾಳಿಕೆಯಿಂದ ಓಡಿಬಂದ ಕಪ್ಪು ಜನ ಡೆಟ್ರಾಯಿಟ್‌ನ ಕಾರು ಕಾರ್ಖಾನೆಗಳಲ್ಲಿ ಬೆವರು ಸುರಿಸಿ ಮನೆ ಮಾಡಿಕೊಂಡರು. ತೆರಿಗೆಗಾಗಿ ಹಾಕೋ ಅಂದಾಜು ಪೇಟೆ ಬೆಲೆಯ ಅರ್ಧ ಮೀರಬಾರದು. ಇದು ಮಿಷಿಗನ್ ಸಂವಿಧಾನದ ಮಾತು. 2008ರ ಕುಸಿತದಲ್ಲಿ ಮನೆಗಳ ಬೆಲೆ ನೆಲಕಚ್ಚಿತು; ನಗರಾಡಳಿತದ ದಫ್ತರದಲ್ಲಿ ಅಷ್ಟು ಇಳಿಯಲಿಲ್ಲ. 2010ರಿಂದ 2016ರವರೆಗೆ ಕನಿಷ್ಠ 60 ಕೋಟಿ ಡಾಲರ್ ಹೆಚ್ಚುವರಿ ತೆರಿಗೆ ಹೇರಿದರು. ಅಗ್ಗದ ಮನೆಗೇ ಹೆಚ್ಚು ಹೊರೆ. ಬಡವರಿಗೆ ಮಾಫಿ ಕಾನೂನಲ್ಲಿತ್ತು. ಎಷ್ಟೋ ಜನಕ್ಕೆ ಅದು ಗೊತ್ತೇ ಇರಲಿಲ್ಲ. 2011–15ರಲ್ಲಿ ನಾಲ್ಕು ಆಸ್ತಿಗಳಲ್ಲಿ ಒಂದು ಬಾಕಿಗಾಗಿ ಜಪ್ತಿ! 2017ರಲ್ಲಿ ಅಂದಾಜು ತಿದ್ದಿದರು. ಬೀದಿಗೆ ಬಿದ್ದವರಿಗೆ ಮನೆ ವಾಪಸು ಬರಲಿಲ್ಲ.

ತೆರಿಗೆ ಬೇಡ ಅಂತ ನಾವು ಹೇಳೋದಿಲ್ಲ. ಅಂದಾಜು ಬರೆಯೋ ಕೈ ಯಾರದು ಅಂತ ಕೇಳ್ತೇವೆ. ಕಂದಾಯದ ಕಡತ ಓದೋದನ್ನು ನಮ್ಮ ಕೇರಿಯ ಮಕ್ಕಳಿಗೂ ಕಲಿಸೋಣ.