ಮಳೆಗರೆಯದ ಮೇಘಗಳ ಗಣಿತ

ಮೇಘವೆಂದರೆ ಮಳೆಯೆಂದೇ ಎಣಿಸಿ ಮುಂಗಾರಿನ ದಾರಿ ಕಾಯುವ ನಮಗೆ, ತಿಂಗಳುಗಟ್ಟಲೆ ಕಡಲಿನ ಮೇಲೆ ಕವಿದಿದ್ದೂ ತುಂತುರಿಗಿಂತ ಹೆಚ್ಚಿನದೇನನ್ನೂ ಕೊಡದ ಮೇಘಸ್ತರವೊಂದು ಲೋಕಕ್ಕೆ ಉಪಕಾರಿಯೆಂದು ಹೇಳಿದರೆ ನಂಬಿಕೆ ಬರುವುದು ಕಷ್ಟ. ಆದರೆ ಕ್ಯಾಲಿಫೋರ್ನಿಯದ ಪಶ್ಚಿಮಕ್ಕೆ, ಪೆರು ಮತ್ತು ಚಿಲಿಯ ಪಶ್ಚಿಮಕ್ಕೆ, ನಮೀಬಿಯ ಮತ್ತು ಅಂಗೋಲದ ಪಶ್ಚಿಮಕ್ಕೆ, ಆಳದ ತಣ್ಣೀರು ಮೇಲೆದ್ದು ಬರುವ ಸಮುದ್ರಭಾಗಗಳಲ್ಲಿ, ಒಂದು ಒಂದೂವರೆ ಕಿಲೋಮೀಟರಿಗಿಂತ ಮೇಲೇರದೆ, ಕೆಲವು ನೂರು ಮೀಟರ್ ದಪ್ಪದ ಹಾಸಾಗಿ ಹಬ್ಬುವ ಸ್ಟ್ರಾಟೊಕ್ಯುಮುಲಸ್ ಮೇಘಗಳು, ಇತರೆಡೆಯ ತಮ್ಮ ಜಾತಿಯವನ್ನೂ ಸೇರಿಸಿದರೆ ಒಟ್ಟು ಭೂಮಂಡಲದ ಸುಮಾರು ಐದರಲ್ಲೊಂದು ಪಾಲನ್ನು ಆವರಿಸಿಕೊಂಡು, ಕರಿಗಡಲು ಹೀರಿಬಿಡುತ್ತಿದ್ದ ಬಿಸಿಲಿನ ದೊಡ್ಡ ಭಾಗವನ್ನು ಅಂತರಿಕ್ಷಕ್ಕೆ ಹಿಂದಿರುಗಿಸುತ್ತವೆ. ಅವುಗಳ ವಿಸ್ತಾರದಲ್ಲಿ ಆಗುವ ಅಲ್ಪ ವ್ಯತ್ಯಾಸವೂ ಭೂಮಿಯ ಉಷ್ಣದ ಆಯವ್ಯಯವನ್ನು ಬದಲಿಸಬಲ್ಲದು.

1960ರ ಏಪ್ರಿಲ್‌ನಲ್ಲಿ ಟೈರೋಸ್-1 ಉಪಗ್ರಹವು ಮೇಲೇರಿದ ತರುವಾಯ ಈ ಹಾಸುಗಳ ವೈಶಾಲ್ಯ ಚಿತ್ರಗಳಲ್ಲಿ ಕಾಣತೊಡಗಿತು. ಆದರೆ ಚಿತ್ರವು ಹಬ್ಬುಗೆಯನ್ನು ತೋರಿಸೀತೇ ಹೊರತು ಕಾರಣವನ್ನು ಹೇಳಲಾರದು. ಕಾರಣವನ್ನು ಗಣಿತದಲ್ಲಿ ಸಮರ್ಪಕವಾಗಿ ನಿರೂಪಿಸಿದ ಕೀರ್ತಿ ಅಮೆರಿಕದ ಪವನಶಾಸ್ತ್ರಜ್ಞ ಡಗ್ಲಸ್ ಲಿಲ್ಲಿ ಅವರದು. 1968ರಲ್ಲಿ ಪ್ರಕಟವಾದ ಅವರ ಪ್ರಬಂಧವೇ ಈ ಶಾಖೆಯ ಮೂಲಗ್ರಂಥವೆನ್ನಬಹುದು.

ಅವರ ವಿಚಾರಸರಣಿ ಇಂತಿದೆ. ಎತ್ತರದಿಂದ ಇಳಿದು ಬರುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗಿರುತ್ತದೆ, ಒಣಗಿರುತ್ತದೆ. ಕಡಲನ್ನು ಮುಟ್ಟಿಕೊಂಡಿರುವ ಕೆಳಗಿನ ಗಾಳಿಯಾದರೋ ತೇವವೂ ಶೀತಲವೂ ಆಗಿರುತ್ತದೆ. ಆದುದರಿಂದ ಮೊದಲನೆಯದು ಎರಡನೆಯದರ ಮೇಲೆ ಮುಚ್ಚಳದಂತೆ ಕುಳಿತು, ಕೆಲವೇ ಮೀಟರ್‌ಗಳ ಅಂತರದಲ್ಲಿ ಉಷ್ಣತೆ ಹಲವು ಡಿಗ್ರಿ ಜಿಗಿಯುವ ಒಂದು ಗಡಿ ಅಲ್ಲಿ ಏರ್ಪಡುತ್ತದೆ. ಆ ಗಡಿಗೆ ತಗುಲಿಕೊಂಡ ಮೇಘದ ನೆತ್ತಿ ಹಗಲಿರುಳೆನ್ನದೆ ಅವಕೆಂಪು ಕಿರಣಗಳ ರೂಪದಲ್ಲಿ ಉಷ್ಣವನ್ನು ಆಕಾಶಕ್ಕೆ ಚೆಲ್ಲುತ್ತದೆ. ತಣ್ಣಗಾಗಿ ಭಾರವಾದ ನೆತ್ತಿಯ ಗಾಳಿ ಕೆಳಕ್ಕೆ ಕುಸಿಯುತ್ತದೆ, ಅದರ ಎಡೆಗೆ ಕಡಲ ತೇವವನ್ನು ಹೊತ್ತ ಗಾಳಿ ಏರಿ ಬರುತ್ತದೆ, ಮೇಘ ಬಾಳುತ್ತದೆ. ಆದರೆ ಇದೇ ಸುಳಿದಾಟ ಗಡಿಯಾಚೆಯ ಒಣಗಾಳಿಯನ್ನೂ ತುಸುತುಸುವಾಗಿ ಒಳಕ್ಕೆ ಸೆಳೆದು ಮೇಘವನ್ನು ಆರಿಸತೊಡಗುತ್ತದೆ. ಎಷ್ಟು ಸೆಳೆಯುತ್ತದೆ ಎಂಬ ಪ್ರಶ್ನೆಗೆ ಲಿಲ್ಲಿಯವರು ಕನಿಷ್ಠ, ಗರಿಷ್ಠ ಎಂಬ ಎರಡು ಮಿತಿಗಳನ್ನಷ್ಟೇ ಕೊಡಬಲ್ಲವರಾದರು. ಮುಂದಿನ ಅರ್ಧ ಶತಮಾನದ ಪರಿಶ್ರಮದ ಬಹುಭಾಗ ಆ ಮಿತಿಗಳ ನಡುವಣ ಜಾಗದಲ್ಲೇ ನಡೆಯಿತೆಂದರೆ ಅತಿಶಯೋಕ್ತಿಯಲ್ಲ.

ಇನ್ನು ಬಿಸಿಲಿನ ವಿಷಯ. ಮೇಘದ ಹನಿಗಳು ಕಣ್ಣಿಗೆ ಕಾಣುವ ಬೆಳಕನ್ನು ಬಹುಮಟ್ಟಿಗೆ ಚದರಿಸಿಬಿಡುತ್ತವೆಯಾದರೂ, ಕೆಂಪಿನಾಚೆಯ ಕಿರಣಗಳಲ್ಲಿ ಒಂದು ಪಾಲನ್ನು ಹೀರಿಕೊಳ್ಳುತ್ತವೆ. ನೆತ್ತಿಯ ತಂಪು ಕೆಲವು ಹತ್ತು ಮೀಟರ್‌ಗಳಲ್ಲೇ ಮುಗಿದರೆ, ಬಿಸಿಲಿನ ಕಾವು ಮೇಘದ ಒಡಲಿನೊಳಕ್ಕೂ ಇಳಿಯುತ್ತದೆ. ನಡುಹಗಲಿನಲ್ಲಿ ಕಾವು ತಂಪನ್ನು ಬಹುವಾಗಿ ಸರಿಗಟ್ಟುವುದರಿಂದ ಸುಳಿಗಳು ಸೊರಗಿ, ಮೇಘಕ್ಕೂ ಕಡಲಿಗೂ ಇದ್ದ ಸಂಬಂಧ ಕಡಿದು, ತೇವ ಕೆಳಗೇ ಉಳಿದುಬಿಡುತ್ತದೆ. ಬ್ರಿಟನ್ನಿನ ಸ್ಟೀಫನ್ ನಿಕೊಲ್ಸ್ ಅವರು ಉತ್ತರ ಸಮುದ್ರದ ಮೇಲೆ ವಿಮಾನದಿಂದ ಪಡೆದ ಅಳತೆಗಳಲ್ಲಿ ಈ ಅಗಲಿಕೆಯನ್ನು ಗುರುತಿಸಿ 1984ರಲ್ಲಿ ಪ್ರಕಟಿಸಿದರು. 1987ರಲ್ಲಿ ಟರ್ಟನ್ ಅವರೊಡನೆ ಅದನ್ನು ಗಣಿತದ ಮಾದರಿಯಲ್ಲಿ ಅಳವಡಿಸಿ, ಮೇಘದ ದಿನಚರಿಯನ್ನೇ ಲೆಕ್ಕದಿಂದ ಹೊರಡಿಸಿದರು.

ಅದೇ ವರ್ಷದ ಜುಲೈ ಈ ಇತಿಹಾಸದಲ್ಲಿ ವಿಶೇಷವಾಗಿ ಸ್ಮರಣಾರ್ಹ. ಕ್ಯಾಲಿಫೋರ್ನಿಯದ ತೀರದಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಸ್ಯಾನ್ ನಿಕೊಲಸ್ ಎಂಬ ಬೋಳು ದ್ವೀಪದ ಮೇಲೆ ವಿಜ್ಞಾನಿಗಳು ಉಪಕರಣಗಳನ್ನು ಹೂಡಿ, ಹಗ್ಗ ಕಟ್ಟಿದ ಬಲೂನನ್ನು ಮೇಘದೊಳಕ್ಕೆ ಏರಿಸಿ ಇಳಿಸುತ್ತ, ಅದರಲ್ಲಿರುವ ನೀರೆಷ್ಟು, ತಳ ಎಲ್ಲಿದೆ, ನೆತ್ತಿ ಎಲ್ಲಿದೆಯೆಂದು ಹಗಲೂ ರಾತ್ರಿಯೂ ಅಳೆದರು. ಬೆಳಗಿನ ಜಾವಕ್ಕೆ ಮುನ್ನ ದಟ್ಟವಾಗಿದ್ದ ಮೇಘ ಹೊತ್ತೇರಿದಂತೆ ಸವೆದು, ಮಧ್ಯಾಹ್ನದ ಹೊತ್ತಿಗೆ ತೀರ ತೆಳ್ಳಗಾಗಿ, ರಾತ್ರಿ ಮತ್ತೆ ತುಂಬಿಕೊಳ್ಳುವುದು ಅಂಕಿಗಳಲ್ಲೇ ಕಂಡಿತು. ಮೂಲದ ಯೋಜನೆ ಅಮೆರಿಕದ್ದಾದರೂ, ಆ ಅಳತೆಗಳು ಸಕಲರ ಸೊತ್ತಾದವು. ಇವನ್ನೇ ಆಧಾರವಾಗಿಟ್ಟುಕೊಂಡು, ನೆದರ್ಲೆಂಡ್ಸಿನ ಡೌನ್‌ಕೆರ್ಕೆ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ 6 ಗಣಕ ಮಾದರಿಗಳು ಹಗಲಿನ ಅಗಲಿಕೆಯನ್ನೂ ಇರುಳಿನ ಕೂಡಿಕೆಯನ್ನೂ ಅನುಕರಿಸಿ ತೋರಿಸಿದವು. ಅವುಗಳಲ್ಲಿ ಪರಸ್ಪರ ಉಳಿದ ಭಿನ್ನಾಭಿಪ್ರಾಯಕ್ಕೆ ಮುಖ್ಯ ಕಾರಣ ಲಿಲ್ಲಿಯವರ ಆ ಹಳೆಯ ಪ್ರಶ್ನೆಯೇ: ಒಣಗಾಳಿ ಎಷ್ಟು ಒಳಸೇರುತ್ತದೆ?

ದೊಡ್ಡ ಸುಳಿಗಳನ್ನು ನೇರವಾಗಿ ಲೆಕ್ಕಹಾಕಿ ಸಣ್ಣವನ್ನು ಅಂದಾಜಿಗೆ ಬಿಡುವ ಈ ಅನುಕರಣಕ್ರಮವನ್ನು ಜೇಮ್ಸ್ ಡಿಯರ್ಡಾರ್ಫ್ ಅವರು 1980ರಲ್ಲೇ ಇಂತಹ ಮೇಘಗಳಿಗೆ ಅನ್ವಯಿಸಿದ್ದರು. ಯಂತ್ರ ಬಲಿತ ಮೇಲೆ ಬಿಕ್ಕಟ್ಟು ತಾನಾಗಿ ಬಿಡಿಸಿಹೋಗುವುದೆಂದು ಆಗ ಆಶಿಸಿದವರಿದ್ದರೆ ಆಶ್ಚರ್ಯವಿಲ್ಲ, ಹಾಗಾಗಲಿಲ್ಲ. 2001ರ ಜುಲೈನಲ್ಲಿ ಕ್ಯಾಲಿಫೋರ್ನಿಯದಾಚೆಯ ಕಡಲಿನ ಮೇಲೆ, ಬಿಸಿಲಿನ ತೊಡಕಿಲ್ಲದ ರಾತ್ರಿಗಳನ್ನೇ ಆಯ್ದು, ವಿಮಾನದಲ್ಲಿ ಮೇಘದ ಒಳಹೊರಗೆ ಸುತ್ತಿ ಪಡೆದ ಅಳತೆಗಳನ್ನು 10 ಕೇಂದ್ರಗಳ ಗಣಕ ಮಾದರಿಗಳ ಪಕ್ಕದಲ್ಲಿಟ್ಟು ಬ್ಯೋರ್ನ್ ಸ್ಟೀವನ್ಸ್ ಮತ್ತು ಸಂಗಡಿಗರು 2005ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಮೇಘದ ನೆತ್ತಿಯ ಬಳಿ 5 ಮೀಟರಿಗೊಂದು ಲೆಕ್ಕದ ಗೆರೆ ಎಳೆದಿದ್ದರೂ ಹೆಚ್ಚಿನ ಮಾದರಿಗಳು ಒಣಗಾಳಿಯನ್ನು ಅತಿಯಾಗಿ ಒಳಗೆ ಬಿಟ್ಟುಕೊಂಡು ನಿಜಕ್ಕಿಂತ ತೆಳುವಾದ ಮೇಘವನ್ನು ಹೊರಡಿಸಿದ್ದವು. ನನ್ನ ದೃಷ್ಟಿಯಲ್ಲಿ ಇದು ಸೋಲಲ್ಲ. ತಪ್ಪು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದ ಅಪೂರ್ವ ಪರೀಕ್ಷೆ.

2019ರಲ್ಲಿ ಕ್ಯಾಲ್ಟೆಕ್‌ನ ಟಾಪಿಯೊ ಷ್ನೈಡರ್ ಮತ್ತು ಸಂಗಡಿಗರು, ವಾಯುಮಂಡಲದ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ 1,200 ಭಾಗಗಳನ್ನು ದಾಟಿದರೆ ಈ ಹಾಸುಗಳು ಒಡೆದು ಚದರಿಹೋಗಬಹುದೆಂದೂ, ಅದರಿಂದಲೇ ಭೂಮಿ ಸುಮಾರು 8 ಡಿಗ್ರಿ ಹೆಚ್ಚಾಗಿ ಕಾಯಬಹುದೆಂದೂ ಇಂತಹುದೇ ಅನುಕರಣದಿಂದ ಕಂಡುಕೊಂಡರು. ಅದು ಆದರ್ಶೀಕರಿಸಿದ ಒಂದು ತುಣುಕು ಸಮುದ್ರದ ಲೆಕ್ಕ. ಅದನ್ನು ಭವಿಷ್ಯವಾಣಿಯೆಂದು ಓದಬಾರದು, ಕಡೆಗಣಿಸಲೂ ಬಾರದು. ಇಡೀ ಭೂಮಿಯ ಹವೆಯನ್ನು ಎಣಿಸುವ ಮಾದರಿಗಳ ಒಂದೊಂದು ಚೌಕವೂ ಸಾಮಾನ್ಯವಾಗಿ ಹತ್ತಾರು ಕಿಲೋಮೀಟರ್ ಅಗಲವಿರುವಾಗ, ಮೇಘದ ಹಣೆಬರಹ ನಿರ್ಧಾರವಾಗುವುದು ಕೆಲವೇ ಮೀಟರ್ ದಪ್ಪದ ಗಡಿಯಲ್ಲಿ. ಈ ಶಾಖೆಯಲ್ಲಿ ಯಂತ್ರದ ಲೆಕ್ಕವನ್ನು ತಿದ್ದಿರುವುದು ಮೇಘದೊಳಹೊಕ್ಕು ತಂದ ಅಳತೆಗಳಾದುದರಿಂದ, ಗಣಕಗಳಿಗೆ ಧಾರಾಳವಾಗಿ ಹಣ ಕೊಡುವ ಸರ್ಕಾರಗಳು ಬಲೂನಿಗೂ ವಿಮಾನಕ್ಕೂ ದ್ವೀಪದ ಮೇಲಿನ ಕಾವಲಿಗೂ ಅಷ್ಟೇ ಆಸ್ಥೆಯಿಂದ ಹಣ ಕೊಡಬೇಕು.