ನಾ. ಡಿಸೋಜ: ಮುಳುಗಡೆಯ ನೆಲದ ಕಾದಂಬರಿಕಾರ

ನಾನು ನೆಲೆಸಿರುವ ಕಾರ್ಲ್ಸ್‌ಬಾಡ್‌ನ ನಲ್ಲಿಗಳಿಗೆ ದೂರದ ಕೊಲರಾಡೊ ನದಿಯ ನೀರೂ ಬರುತ್ತದೆ. ನಮ್ಮ ನೀರು, ಬೆಳಕುಗಳಿಗಾಗಿ ಯಾರು ಏನನ್ನು ಕಳೆದುಕೊಂಡರು ಎಂಬ ಪ್ರಶ್ನೆಯನ್ನು ನನ್ನಲ್ಲಿ ಮೂಡಿಸಿದವರು ನಾ. ಡಿಸೋಜ.

ನಾರ್ಬರ್ಟ್ ಡಿಸೋಜ 1937ರ ಜೂನ್ 6ರಂದು ಶಿವಮೊಗ್ಗ ಜಿಲ್ಲೆಯ ಸಾಗರದ ಕ್ರೈಸ್ತ ಕುಟುಂಬವೊಂದರಲ್ಲಿ ಜನಿಸಿದರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನಾ ಪ್ರದೇಶದಲ್ಲಿ ದುಡಿದರು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ನಾಡಿಗೆ ವಿದ್ಯುತ್ ನೀಡಿತು. ಅದರ ಹಿನ್ನೀರು ಮನೆ, ತೋಟ, ಗದ್ದೆಗಳನ್ನು ನುಂಗಿತು. ಅಣೆಕಟ್ಟು ಕಟ್ಟುವವರ ನಡುವೆ ಇದ್ದುಕೊಂಡೇ ನೆಲೆ ಕಳೆದುಕೊಂಡವರ ಪರವಾಗಿ ಬರೆದದ್ದು ಅವರ ಹಿರಿಮೆ.

ಅವರ 'ದ್ವೀಪ' ಕಾದಂಬರಿಯಲ್ಲಿ ಹೊರಗೆ ನೀರು ಏರುತ್ತದೆ, ಒಳಗೆ ದಾಂಪತ್ಯದಲ್ಲಿ ಸಂಶಯ ಬೆಳೆಯುತ್ತದೆ. ಯಾವುದು ಮೊದಲು ಮನೆಯನ್ನು ಮುಳುಗಿಸೀತು ಎಂಬ ಆತಂಕವೇ ಓದುಗನನ್ನು ಹಿಡಿದಿಡುತ್ತದೆ. ಗಿರೀಶ ಕಾಸರವಳ್ಳಿಯವರು ಇದನ್ನು ಆಧರಿಸಿ 2002ರಲ್ಲಿ ನಿರ್ದೇಶಿಸಿದ ಚಿತ್ರಕ್ಕೆ ಸ್ವರ್ಣಕಮಲ ದೊರೆಯಿತು. 'ಇಗರ್ಜಿ ಸುತ್ತಲಿನ ಹತ್ತು ಮನೆಗಳು' ಕೃತಿಯಲ್ಲಿ ತಮ್ಮ ಕ್ರೈಸ್ತ ಸಮುದಾಯದ ಬದುಕನ್ನೂ ಅವರು ಕನ್ನಡಕ್ಕೆ ತಂದರು.

2014ರಲ್ಲಿ ಮಡಿಕೇರಿಯಲ್ಲಿ ನಡೆದ 80ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಡಿಸೋಜ 2025ರ ಜನವರಿ 5ರಂದು ನಿಧನರಾದರು. ಊರನ್ನು ನಾವಾಗಿಯೇ ಬಿಟ್ಟು ಬಂದೆವು. ಹಿಂದಿರುಗಿದರೆ ಅದು ಅಲ್ಲಿಯೇ ಇರುತ್ತದೆ. ಹಿಂದಿರುಗಲು ಊರೇ ಉಳಿಯದವರ ಅಳಲನ್ನು ಅರಿಯಲು ನಾನು ಈಗಲೂ 'ದ್ವೀಪ'ವನ್ನು ತೆರೆಯುತ್ತೇನೆ.