ಕಾರ್ಯಾಗಾರದ ಯಂತ್ರಗಳಲ್ಲಿ ಮೋಟಾರಿನ ವೇಗ ತಗ್ಗಿಸುವಿಕೆ

ಡ್ರಿಲ್, ರೌಟರ್, ಲೇತ್ ಮೊದಲಾದ ಯಂತ್ರಗಳ ಸುತ್ತುವೇಗವನ್ನು ಕೊರೆಯುವ ವಸ್ತುವಿಗೂ ಬಿಟ್ಟಿನ ಗಾತ್ರಕ್ಕೂ ತಕ್ಕಂತೆ ಇಳಿಸಬೇಕಾಗುತ್ತದೆ. ಮೆದು ಉಕ್ಕಿನಲ್ಲಿ ಹೈಸ್ಪೀಡ್ ಸ್ಟೀಲ್ ಬಿಟ್ಟಿನ ಅಂಚು ನಿಮಿಷಕ್ಕೆ ಸುಮಾರು 25 ಮೀಟರ್ ಸಾಗಬೇಕೆಂದರೆ 10 ಮಿ.ಮೀ. ಬಿಟ್ಟು ನಿಮಿಷಕ್ಕೆ 800 ಸುತ್ತು, 20 ಮಿ.ಮೀ. ಬಿಟ್ಟು 400 ಸುತ್ತು ತಿರುಗಿದರೆ ಸಾಕು. ಅದನ್ನು ಬಹಳ ಮೀರಿದರೆ ಅಂಚು ಕಾದು ಬೇಗ ಮೊಂಡಾಗುತ್ತದೆ.

ವೇಗ ಇಳಿಸುವ ದಾರಿ ಮೋಟಾರಿನ ಜಾತಿಯನ್ನು ಅವಲಂಬಿಸಿದೆ. ಕೈಡ್ರಿಲ್, ರೌಟರ್‌ಗಳಲ್ಲಿರುವುದು ಸಾಮಾನ್ಯವಾಗಿ ಕಾರ್ಬನ್ ಬ್ರಷ್ಷುಳ್ಳ ಯೂನಿವರ್ಸಲ್ ಮೋಟಾರು. ಟ್ರಯಾಕ್ ಎಂಬ ಅರೆವಾಹಕ ಸಾಧನವು ವಿದ್ಯುತ್ತಿನ ಪ್ರತಿ ಅರ್ಧ ಆವರ್ತದಲ್ಲೂ ಒಂದು ಭಾಗವನ್ನು ತಡೆಹಿಡಿದರೆ ಇದರ ವೇಗ ಇಳಿಯುತ್ತದೆ. ಆದರೆ ಭಾರ ಬಿದ್ದೊಡನೆ ವೇಗ ಇನ್ನಷ್ಟು ಕುಸಿಯುತ್ತದೆ. ಉತ್ತಮ ಯಂತ್ರಗಳಲ್ಲಿ ಸುತ್ತನ್ನು ಅಳೆದು ಸರಿದೂಗಿಸುವ ವ್ಯವಸ್ಥೆ ಒಳಗೇ ಇರುತ್ತದೆ. ಅಂಥ ಯಂತ್ರಕ್ಕೆ ಹೊರಗಿನಿಂದ ಮತ್ತೊಂದು ರೆಗ್ಯುಲೇಟರ್ ಜೋಡಿಸಬಾರದು.

ಬೆಂಚ್ ಡ್ರಿಲ್, ಬೆಂಚ್ ಗ್ರೈಂಡರುಗಳ ಇಂಡಕ್ಷನ್ ಮೋಟಾರಿನ ಸ್ವಭಾವವೇ ಬೇರೆ. ಅದರ ವೇಗ ವಿದ್ಯುತ್ತಿನ ಆವರ್ತನಕ್ಕೆ ಕಟ್ಟುಬಿದ್ದಿದೆ: ಭಾರತದ 50 ಹರ್ಟ್ಸ್ ಪೂರೈಕೆಯಲ್ಲಿ ನಾಲ್ಕು ಧ್ರುವಗಳ ಮೋಟಾರಿನ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗಿದರೆ, ಭಾರ ಹೊತ್ತ ದಂಡ ಸುಮಾರು 1440 ಸುತ್ತು ತಿರುಗುತ್ತದೆ. ವೋಲ್ಟೇಜನ್ನು ಅರ್ಧಕ್ಕಿಳಿಸಿದರೆ ತಿರುಗುಬಲ ಕಾಲು ಭಾಗಕ್ಕೆ ಇಳಿದು ಮೋಟಾರು ಕಾಯುತ್ತದೆ. ಸಿಂಗಲ್ ಫೇಸ್ ಮೋಟಾರಿನಲ್ಲಿ ಅಪಾಯ ಇನ್ನೂ ಹೆಚ್ಚು. ವೇಗ ತೀರಾ ತಗ್ಗಿದಾಗ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ಚು ಮತ್ತೆ ಕೂಡಿಕೊಂಡು, ಚಾಲನೆಯ ಕ್ಷಣಕ್ಕೆಂದೇ ಇರುವ ಸುರುಳಿಯನ್ನು ಸುಟ್ಟುಬಿಡಬಹುದು. ಸೀಲಿಂಗ್ ಫ್ಯಾನು ರೆಗ್ಯುಲೇಟರಿಗೆ ಬಗ್ಗುವುದಕ್ಕೆ ಕಾರಣ, ವೇಗ ಇಳಿದಂತೆ ಅದು ಗಾಳಿ ತಳ್ಳುವ ಹೊರೆಯೂ ಬಹಳ ಹಗುರಾಗುವುದು. ಉಕ್ಕು ಕೊರೆಯುವ ಯಂತ್ರಕ್ಕೆ ಆ ಅನುಕೂಲವಿಲ್ಲ.

ತ್ರೀ ಫೇಸ್ ಇಂಡಕ್ಷನ್ ಮೋಟಾರಿಗೆ ಸರಿಯಾದ ಸಾಧನ ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್ (ವಿ.ಎಫ್.ಡಿ.). ಅದು ಆವರ್ತನವನ್ನೂ ವೋಲ್ಟೇಜನ್ನೂ ಒಂದೇ ಪ್ರಮಾಣದಲ್ಲಿ ಇಳಿಸುತ್ತದೆ. 25 ಹರ್ಟ್ಸ್‌ನಲ್ಲಿ ವೇಗ ಅರ್ಧವಾದರೂ ತಿರುಗುಬಲ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ದಂಡದ ಮೇಲಿನ ಫ್ಯಾನೂ ನಿಧಾನವಾಗುವುದರಿಂದ ತೀರಾ ಕಡಿಮೆ ವೇಗದಲ್ಲಿ ಬಹಳ ಹೊತ್ತು ನಡೆಸಬೇಕಾದರೆ ಪ್ರತ್ಯೇಕ ತಂಪುಗಾಳಿ ಬೇಕು.

ಹಳೆಯದೂ ನಂಬಿಕಸ್ತವೂ ಆದ ವಿಧಾನ ಬೆಲ್ಟು ಮತ್ತು ಮೆಟ್ಟಿಲು ಪುಲ್ಲಿ. 1440 ಸುತ್ತಿನ ಮೋಟಾರಿಗೆ 50 ಮಿ.ಮೀ. ಪುಲ್ಲಿ, ಸ್ಪಿಂಡಲ್‌ಗೆ 150 ಮಿ.ಮೀ. ಪುಲ್ಲಿ ಹಾಕಿದರೆ ವೇಗ 480ಕ್ಕೆ ಇಳಿದು, ಘರ್ಷಣೆಯ ಅಲ್ಪ ನಷ್ಟ ಬಿಟ್ಟರೆ, ತಿರುಗುಬಲ ಮೂರು ಪಟ್ಟಾಗುತ್ತದೆ. ಮೋಟಾರು ತನ್ನ ಪೂರ್ಣ ವೇಗದಲ್ಲೇ ಇದ್ದು ತಂಪಾಗಿರುತ್ತದೆ. ದಪ್ಪ ಉಕ್ಕಿನಲ್ಲಿ ದೊಡ್ಡ ತೂತು ಕೊರೆಯಲು ಯಾವ ಎಲೆಕ್ಟ್ರಾನಿಕ್ ರೆಗ್ಯುಲೇಟರಿಗಿಂತಲೂ ಇದೇ ಮೇಲು.